ಅಗಸ್ಟೀನನ ಕಾಗದ, ಚಿಕ್ಕಪ್ಪನ ಪ್ರಶ್ನೆ

ಈ ಅಂಕಣದಲ್ಲಿ ಮಾತಿಗೆ ಬಂತೆಂದು ಒಮ್ಮೆ ಆರಂಭಕಾಲದ ಕ್ರೈಸ್ತ ದೇವಶಾಸ್ತ್ರಜ್ಞ ಒರಿಜೆನ್‌ನ ಹೆಸರೆತ್ತಿದ್ದೇ ತಡ, ಪತ್ರಗಳು ಬರತೊಡಗಿದವು, ಇನ್ನೂ ನಿಂತಿಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. ಕ್ರೈಸ್ತಧರ್ಮದ ಮೊದಲ ಐದಾರು ಶತಮಾನಗಳ ಚರಿತ್ರೆಯನ್ನೂ ದೇವಶಾಸ್ತ್ರವನ್ನೂ ಓದುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆಯೇ? ಇದ್ದರೆ ಅವರೆಲ್ಲ ಪಾದ್ರಿಗಳೇ? ಕ್ರೈಸ್ತರಲ್ಲದವರಿಗೆ ಅಲ್ಲಿ ಜಾಗ ಉಂಟೇ? ಕುಂದಾಪುರದ ಕಡೆಯ ತಂದೆಯೊಬ್ಬರು ಸುತ್ತಿ ಬಳಸದೆ ಕೇಳಿದ್ದಾರೆ: ಮಗಳು ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದಾಳೆ, ಇದನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ, ಇದರಿಂದ ಗಂಜಿ ಬೇಯುತ್ತದೆಯೇ? ಗಂಜಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಆ ಓದು ಎಂಥದ್ದು ಎಂಬುದು ಮೊದಲು ತಿಳಿಯಲಿ.

ಹೊಟ್ಟೆಪಾಡಿಗೆ ನಾನು ಮಾಡಿದ್ದೂ ಇದೇ ಕೆಲಸ. ಮೈಸೂರಿನಲ್ಲಿ ಹಳಗನ್ನಡದ ಓಲೆಗರಿಗಳ ನಡುವೆ ಶುರುಮಾಡಿ, ಯಾವುದೋ ಗಳಿಗೆಯಲ್ಲಿ ಲ್ಯಾಟಿನ್ನಿಗೆ ಹೊರಳಿ, ಉತ್ತರ ಆಫ್ರಿಕಾದ ಹಳೆಯ ಬಿಷಪ್ಪರ ಬಗ್ಗೆ ಹೊರದೇಶದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ನಮ್ಮದು ಪೂಜೆ ಪುನಸ್ಕಾರದ ಮನೆ. ರಜೆಗೆ ಊರಿಗೆ ಬಂದಾಗಲೆಲ್ಲ ಚಿಕ್ಕಪ್ಪ ಜಗಲಿಯಲ್ಲಿ ಕೂರಿಸಿಕೊಂಡು ವಿಚಾರಿಸುತ್ತಿದ್ದರು. "ಅಲ್ಲ ಮಾರಾಯ, ನೀನು ಅಲ್ಲಿ ಎಂತ ಕಲಿಸುದು? ಅವರ ಮಂತ್ರವಾ?" "ಅಲ್ಲ ಚಿಕ್ಕಪ್ಪ, ಚರಿತ್ರೆ." "ಚರಿತ್ರೆ ಕಲಿಸ್ಲಿಕ್ಕೆ ಅವರ ಪೈಕಿ ಯಾರೂ ಸಿಗ್ಲಿಲ್ವಾ?" ಕುಹಕವೇನಿಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಈಗ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಚಿಕ್ಕಪ್ಪನ ಪ್ರಶ್ನೆಯೇ.

ಇಂಥ ಪ್ರಶ್ನೆಗಳ ಹಿಂದೆ ಒಂದು ಭೂಪಟವಿದೆ, ಅದು ಸರಿಯಿಲ್ಲ. ಕ್ರೈಸ್ತಧರ್ಮ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯುರೋಪು. ಆದರೆ ಆರಂಭಕಾಲದ ದೇವಶಾಸ್ತ್ರವನ್ನು ಕಟ್ಟಿದವರ ಊರುಗಳನ್ನು ಹುಡುಕಿ ನೋಡಿ. ಒರಿಜೆನ್ ಮತ್ತು ಅಥನೇಸಿಯಸ್ ಈಜಿಪ್ಟಿನ ಅಲೆಕ್ಸಾಂಡ್ರಿಯದವರು. ಅಗಸ್ಟೀನ್ ಹುಟ್ಟಿದ್ದೂ ಬಿಷಪ್ ಆಗಿದ್ದೂ ಇಂದಿನ ಅಲ್ಜೀರಿಯದಲ್ಲಿ. ಸಿರಿಯಾಕ್ ಭಾಷೆಯ ಮಹಾಕವಿ ಎಫ್ರೇಮನ ನಿಸಿಬಿಸ್ ಇರುವುದು ಟರ್ಕಿಯ ಆಗ್ನೇಯ ಅಂಚಿನಲ್ಲಿ. ಕ್ರಿಸ್ತ ತಂದೆಗೆ ಸಮಾನನೋ ಅಲ್ಲವೋ ಎಂಬ ಜಗಳ ತೀರಿಸಲು ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್ಪರನ್ನು ಸೇರಿಸಿದ ನೈಸಿಯ ಕೂಡ ಟರ್ಕಿಯದೇ. ಇಂದು ಅದರ ಹೆಸರು ಇಜ್ನಿಕ್. ಅಂದರೆ ಇದು ಬಹುಪಾಲು ಏಷ್ಯಾ ಮತ್ತು ಆಫ್ರಿಕಾದ ಚರಿತ್ರೆ. ಯುರೋಪಿನವರು ಅದನ್ನು ಚೆನ್ನಾಗಿ ಅಚ್ಚು ಹಾಕಿಸಿದರು, ನಾವು ಅದನ್ನು ಅವರದೇ ಎಂದುಕೊಂಡೆವು.

ನಮ್ಮ ಕರಾವಳಿಯವರಿಗೆ ಇನ್ನೂ ಹತ್ತಿರದ ಒಂದು ಉದಾಹರಣೆ ಇದೆ. ಉಡುಪಿ, ಮಂಗಳೂರಿನ ಯಾವ ಓಣಿಗೆ ಹೋದರೂ ಕತಾರಿನಲ್ಲಿ ದುಡಿದು ಬಂದವರೊಬ್ಬರು ಸಿಗುತ್ತಾರೆ. ಏಳನೆಯ ಶತಮಾನದಲ್ಲಿ ಆ ಕತಾರಿನ ಸುತ್ತಲಿನ ಕರಾವಳಿಯಲ್ಲಿ ಕ್ರೈಸ್ತ ಮಠಗಳಿದ್ದವು. ಅಲ್ಲಿ ಹುಟ್ಟಿದ ಐಸಾಕ್ ಎಂಬ ಸನ್ಯಾಸಿಯನ್ನು ನಿನೆವೆಗೆ ಬಿಷಪ್ ಮಾಡಿದರು. ಐದೇ ತಿಂಗಳಲ್ಲಿ ಆತ ಪದವಿ ಬಿಟ್ಟು ಬೆಟ್ಟ ಹತ್ತಿದ. ಧ್ಯಾನದ ಬಗ್ಗೆ ಅವನು ಸಿರಿಯಾಕ್‌ನಲ್ಲಿ ಬರೆದದ್ದರ ಒಂದು ದೊಡ್ಡ ಭಾಗ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. 1983ರಲ್ಲಿ ಆಕ್ಸ್‌ಫರ್ಡಿನ ಸೆಬಾಸ್ಟಿಯನ್ ಬ್ರಾಕ್ ಅದನ್ನು ಗುರುತಿಸಿದ್ದು ತಮ್ಮದೇ ಊರಿನ ಬಾಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ. ಸಿರಿಯಾಕ್ ಕಲಿಯಲು ಆಕ್ಸ್‌ಫರ್ಡಿಗೇ ಹೋಗಬೇಕೆಂದೇನೂ ಇಲ್ಲ. ಕೇರಳದ ಕೊಟ್ಟಾಯಂನಲ್ಲಿ 1985ರಿಂದ ಸಂತ ಎಫ್ರೇಮನ ಹೆಸರಿನ ಸಂಶೋಧನ ಸಂಸ್ಥೆಯಿದೆ, ಬ್ರಾಕ್ ಅವರಂಥವರೂ ಬಂದು ಪಾಠ ಹೇಳಿದ ಜಾಗ ಅದು. ಮಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆಗೆ ಆ ಕಡೆ.

ಸರಿ, ಇವರು ದಿನವಿಡೀ ಮಾಡುವುದೇನು? ಓಲೆಗರಿ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಪಂಪನ ಕಾವ್ಯ ಪಂಪನ ಕೈಬರಹದಲ್ಲಿ ನಮಗೆ ಸಿಕ್ಕಿಲ್ಲ; ಯಾವನೋ ಲಿಪಿಕಾರ ನೋಡಿ ಬರೆದದ್ದನ್ನು ಇನ್ನೊಬ್ಬ ನೋಡಿ ಬರೆದ ಪ್ರತಿ ಸಿಕ್ಕಿದೆ. ಅಗಸ್ಟೀನನದೂ ಅದೇ ಕಥೆ. ಪ್ರತಿಗಳನ್ನು ತಾಳೆ ನೋಡುವುದು, ಪಾಠಾಂತರ ಗುರುತು ಹಾಕುವುದು, ಯಾವ ಸಾಲು ಮೂಲದ್ದು, ಯಾವುದು ನಡುವೆ ತೂರಿದ್ದು ಎಂದು ತೀರ್ಮಾನಿಸುವುದು, ಆಮೇಲೆ ಆ ಮಾತಿಗೆ ಆ ಕಾಲದಲ್ಲಿ ಏನರ್ಥವಿತ್ತೆಂದು ಒದ್ದಾಡುವುದು. ಇದಕ್ಕೆ ಗ್ರೀಕ್ ಮತ್ತು ಲ್ಯಾಟಿನ್ ಬೇಕು, ಆಯ್ದುಕೊಂಡ ಪ್ರದೇಶಕ್ಕೆ ತಕ್ಕಂತೆ ಸಿರಿಯಾಕೋ ಕಾಪ್ಟಿಕ್ಕೋ ಬೇಕು, ಹಿಂದಿನವರು ಬರೆದಿಟ್ಟ ಸಂಶೋಧನೆ ಓದಲು ಜರ್ಮನ್, ಫ್ರೆಂಚ್ ಬೇಕು. ಆಕರಗಳ ಕೊರತೆ ಇಲ್ಲ, ಅತಿಯಾದದ್ದೇ ತೊಂದರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೀನ್ಯ್ ಎಂಬ ಫ್ರೆಂಚ್ ಪಾದ್ರಿ ತಾನೇ ಮುದ್ರಣಾಲಯ ಇಟ್ಟುಕೊಂಡು ಲ್ಯಾಟಿನ್ ಲೇಖಕರದ್ದು 221 ಸಂಪುಟ, ಗ್ರೀಕರದ್ದು 161 ಸಂಪುಟ ಹೊರತಂದ. 1868ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಅಚ್ಚಿನ ತಪ್ಪುಗಳು ಧಾರಾಳವಾಗಿರುವ ಆ ಸಂಪುಟಗಳ ಪುಟದ ಅಂಕಣಸಂಖ್ಯೆಯನ್ನೇ ವಿದ್ವಾಂಸರು ಇಂದಿಗೂ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಅಗಸ್ಟೀನನೊಬ್ಬನ ಬರಹವೇ ಸುಮಾರು 50 ಲಕ್ಷ ಪದ. ಅದನ್ನೆಲ್ಲ ಓದಿದ್ದೇನೆ ಎನ್ನುವವನು ಸುಳ್ಳುಗಾರ ಎಂದು ಸೆವಿಲ್‌ನ ಇಸಿದೋರ್ ಏಳನೆಯ ಶತಮಾನದಲ್ಲೇ ತಮಾಷೆ ಮಾಡಿದ್ದ. ನಾನಂತೂ ಓದಿಲ್ಲ.

ಇಷ್ಟೆಲ್ಲ ಬರೆದಿಟ್ಟವನ ಬಗ್ಗೆ ಹೊಸದಾಗಿ ಹೇಳಲು ಏನುಳಿದಿದೆ ಎಂದು ಯಾರಿಗಾದರೂ ಅನಿಸುತ್ತದೆ. ಪೀಟರ್ ಬ್ರೌನ್ ಅವರ ಕಥೆ ಅದಕ್ಕೆ ಉತ್ತರ. 1935ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವರು. ತಂದೆ ಸುಡಾನಿನ ರೈಲ್ವೆಯಲ್ಲಿ ಎಂಜಿನಿಯರ್. ಬ್ರೌನ್ ಪಾದ್ರಿಯಲ್ಲ, ಇತಿಹಾಸಕಾರ. ಪಿಎಚ್.ಡಿ.ಯನ್ನು ಶುರುಮಾಡಿದರೇ ಹೊರತು ಮುಗಿಸಲಿಲ್ಲ. (ನಮ್ಮಲ್ಲಾಗಿದ್ದರೆ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವುದೂ ಕಷ್ಟವಿತ್ತು.) 1967ರಲ್ಲಿ ಅವರು ಬರೆದ ಅಗಸ್ಟೀನನ ಜೀವನಚರಿತ್ರೆ ಇಂದಿಗೂ ಈ ಕ್ಷೇತ್ರಕ್ಕೆ ಹೆಬ್ಬಾಗಿಲು. ಆ ಪುಸ್ತಕದಲ್ಲಿ ಕಾಣುವ ಮುದಿ ಅಗಸ್ಟೀನ್ ಬಿಗಿಮುಖದ ಅಧಿಕಾರಿ. ಭಿನ್ನಮತೀಯರನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರದ ಬಲ ಬಳಸಲೂ ಹಿಂಜರಿಯದವನು. ಇದ್ದ ಸಾಕ್ಷ್ಯಕ್ಕೆ ಆ ಚಿತ್ರ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಸತ್ತು ಒಂದೂವರೆ ಸಾವಿರ ವರ್ಷ ದಾಟಿದ ಅಗಸ್ಟೀನನಿಂದ ಕಾಗದ ಬಂತು. ಯೊಹಾನ್ನೆಸ್ ಡಿವ್ಯಾಕ್ ಎಂಬ ವಿಯೆನ್ನಾದ ವಿದ್ವಾಂಸರು ಫ್ರಾನ್ಸಿನ ಗ್ರಂಥಾಲಯಗಳಲ್ಲಿರುವ ಅಗಸ್ಟೀನನ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದರು. ಪಟ್ಟಿ ಮಾಡುವುದೆಂದರೆ ಯಾರೂ ಬೆನ್ನು ತಟ್ಟದ ಕೆಲಸ. ಮಾರ್ಸೇಲ್ಸ್‌ನ ಹದಿನೈದನೆಯ ಶತಮಾನದ ಪ್ರತಿಯೊಂದರಲ್ಲಿ ಯಾವ ಮುದ್ರಿತ ಸಂಪುಟದಲ್ಲೂ ಇಲ್ಲದ ಕಾಗದಗಳು ಕಂಡವು, ಪ್ಯಾರಿಸ್ಸಿನ ಇನ್ನೊಂದು ಪ್ರತಿಯಲ್ಲೂ ಅವು ಇದ್ದವು. 1981ರಲ್ಲಿ ಅಚ್ಚಾದವು. ಅದರಲ್ಲೊಂದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಓದಿಸುತ್ತಿದ್ದೆ. ಅಗಸ್ಟೀನ್ ಬದುಕಿನ ಕೊನೆಕೊನೆಗೆ, ಇಟಲಿಗೆ ಹೋಗಿದ್ದ ಗೆಳೆಯ ಅಲಿಪಿಯಸ್‌ಗೆ ಬರೆದದ್ದು. ದೇವಶಾಸ್ತ್ರ ಅದರಲ್ಲಿ ಹುಡುಕಿದರೂ ಸಿಗದು, ಅದು ಮನುಷ್ಯರ ಕಳ್ಳಸಾಗಣೆಯ ದೂರು. ಒಳನಾಡಿನ ಹಳ್ಳಿಗಳ ಮೇಲೆ ದಳ್ಳಾಳಿಗಳು ಬೀಳುತ್ತಿದ್ದಾರೆ, ಸ್ವತಂತ್ರರನ್ನು ಹಿಡಿದು ಹಡಗಿಗೆ ತುಂಬಿ ಸಮುದ್ರದಾಚೆ ಗುಲಾಮರನ್ನಾಗಿ ಮಾರುತ್ತಿದ್ದಾರೆ. ಅಗಸ್ಟೀನ್ ಬಿಷಪ್ ಆಗಿದ್ದ ಹಿಪ್ಪೊದಲ್ಲೇ ಒಬ್ಬ ಹೆಂಗಸು ಕಟ್ಟಿಗೆ ಕೊಳ್ಳುವ ನೆಪದಲ್ಲಿ ಗುಡ್ಡದ ಹೆಂಗಸರನ್ನು ಕರೆಸಿ, ಕೂಡಿಹಾಕಿ, ಹೊಡೆದು ಮಾರಿದ್ದಾಳೆ. ಅಗಸ್ಟೀನ್ ಊರಲ್ಲಿ ಇಲ್ಲದಿದ್ದಾಗ ಅವನ ಚರ್ಚಿನ ಜನ ಹಡಗಿನಿಂದಲೂ ಅಡಗಿಸಿಟ್ಟ ಜಾಗದಿಂದಲೂ ಸುಮಾರು 120 ಮಂದಿಯನ್ನು ಬಿಡಿಸಿದ್ದಾರೆ. ವಿಚಾರಿಸಿದರೆ, ಅವರಲ್ಲಿ ಹೆತ್ತವರೇ ಮಾರಿದವರು ಐದಾರು ಜನವೂ ಇಲ್ಲ. ಬಿಡಿಸಿದವರಲ್ಲಿ ಒಬ್ಬ ಹುಡುಗಿಯನ್ನು ಅಗಸ್ಟೀನ್ ತಾನೇ ಮಾತಾಡಿಸುತ್ತಾನೆ; ಅವಳನ್ನು ಕರೆದೊಯ್ಯಲು ಬಂದ ಅಣ್ಣ ರಾತ್ರಿ ಮನೆಗೆ ನುಗ್ಗಿದವರ ಕಥೆ ಹೇಳುತ್ತಾನೆ.

ಕಾಗದದ ನಿಜವಾದ ಬಿಕ್ಕಟ್ಟು ಇರುವುದು ಇದರ ಮುಂದೆ. ಇಂಥ ವ್ಯಾಪಾರಿಗಳಿಗೆ ಕಾನೂನು ಹೇಳುವ ಶಿಕ್ಷೆ ಸೀಸದ ಗುಂಡು ಕಟ್ಟಿದ ಚಾಟಿಯ ಏಟು. ಅದನ್ನು ಪೂರ್ತಿ ಜಾರಿಗೆ ತಂದರೆ ಏಟು ತಿಂದವರು ಸತ್ತೇಹೋಗುತ್ತಾರಲ್ಲ ಎಂಬುದು ಅಗಸ್ಟೀನನ ಅಳುಕು. ಅಧಿಕಾರದ ಬಲವನ್ನು ಕರೆದೂ ಕರೆಯದಂತೆ ನಿಂತ ಈ ಮುದುಕ 1967ರ ಪುಸ್ತಕದಲ್ಲಿ ಇರಲಿಲ್ಲ. ಇದರ ಬೆನ್ನಿಗೇ 1990ರಲ್ಲಿ ಜರ್ಮನಿಯ ಮೈನ್ಸ್ ನಗರ ಗ್ರಂಥಾಲಯದಲ್ಲಿ ಫ್ರಾಂಸ್ವಾ ದೊಲ್ಬೊ ಅವರಿಗೆ ಅಗಸ್ಟೀನನ 26 ಪ್ರಬೋಧನೆಗಳು ಸಿಕ್ಕವು. ಅದರಲ್ಲೊಂದರಿಂದ ತಿಳಿಯುವುದು: ಕಾರ್ಥೇಜಿನಲ್ಲಿ ಜನ ತಮಗೆ ಕೇಳಿಸುವಂತೆ ನಡುವೆ ಬಂದು ನಿಲ್ಲು ಎಂದು ಗದ್ದಲ ಹಾಕಿದ್ದಾರೆ, ಇವನು ಮುನಿಸಿಕೊಂಡು ಅಂದು ಮಾತೇ ಆಡಿಲ್ಲ, ಮಾರನೆಯ ದಿನ ವಿಧೇಯತೆಯ ಬಗ್ಗೆ ಮಾತಾಡಿದ್ದಾನೆ. ಇನ್ನೊಂದು ಹೊಸವರ್ಷದ ದಿನದ್ದು, ಬಹಳ ಉದ್ದ. ಜನ ಹೊರಗೆ ನಡೆಯುವ ಹಬ್ಬದ ಗೌಜಿಗೆ ಹೋಗದಿರಲೆಂದು ಬೇಕೆಂದೇ ಎಳೆದನೇನೋ. 2000ದಲ್ಲಿ ಬ್ರೌನ್ ತಮ್ಮ ಪುಸ್ತಕಕ್ಕೆ ಎರಡು ಹೊಸ ಅಧ್ಯಾಯ ಸೇರಿಸಿ, ಅಗಸ್ಟೀನನನ್ನು ತಾವು ಅತಿ ಕಠಿಣವಾಗಿ ಚಿತ್ರಿಸಿದ್ದಾಗಿ ಒಪ್ಪಿಕೊಂಡರು. ಹಳೆಯ ಅಧ್ಯಾಯಗಳನ್ನು ತಿದ್ದಲಿಲ್ಲ, ಹಾಗೆಯೇ ಬಿಟ್ಟರು. ನನಗೆ ಇದು ಬಹಳ ಹಿಡಿಸಿದ ನಡತೆ. ಅಗಸ್ಟೀನನೂ ಕೊನೆಗಾಲದಲ್ಲಿ ತನ್ನ 93 ಕೃತಿಗಳನ್ನು ಒಂದೊಂದಾಗಿ ತೆಗೆದು, ಎಲ್ಲಿ ಎಡವಿದ್ದೆ ಎಂದು ಬರೆದಿಟ್ಟವನೇ.

ಇಂಥ ಪತ್ತೆಗಳ ಕಾಲ ಮುಗಿಯಿತೆಂದೂ ತಿಳಿಯಬೇಡಿ. ಒರಿಜೆನ್ ತೀರಿಹೋದ ಸುಮಾರು 300 ವರ್ಷಕ್ಕೆ, 553ರಲ್ಲಿ, ಅವನನ್ನು ಧರ್ಮಸಭೆ ಖಂಡಿಸಿತು. ಅವನ ಗ್ರೀಕ್ ಮೂಲಗಳಲ್ಲಿ ಹೆಚ್ಚಿನವು ನಾಶವಾದವು, ಲ್ಯಾಟಿನ್ ಅನುವಾದದಲ್ಲಿ ಒಂದಿಷ್ಟು ಉಳಿಯಿತು. 2012ರಲ್ಲಿ ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಮರೀನಾ ಮೊಲಿನ್ ಪ್ರಾದೆಲ್ ಎಂಬವರು ಗ್ರೀಕ್ ಹಸ್ತಪ್ರತಿಗಳ ಹೊಸ ಸೂಚಿ ತಯಾರಿಸುತ್ತಿದ್ದಾಗ, ಬೈಬಲ್ಲಿನ ಕೀರ್ತನೆಗಳ ಮೇಲಿನ, ಕರ್ತೃವಿನ ಹೆಸರಿಲ್ಲದ ವ್ಯಾಖ್ಯಾನವೊಂದು ಆ ಲ್ಯಾಟಿನ್ ಅನುವಾದಕ್ಕೆ ಹೊಂದುವುದನ್ನು ಗಮನಿಸಿದರು. ಒರಿಜೆನ್‌ನ 29 ಪ್ರಬೋಧನೆಗಳು ಹೀಗೆ ಎದ್ದು ಬಂದವು. ಇಲ್ಲಿಯೂ ಪಟ್ಟಿ ಮಾಡುತ್ತಿದ್ದವರೇ.

ಕನ್ನಡಕ್ಕೂ ಈ ಲೋಕಕ್ಕೂ ನಂಟಿದೆಯೇ ಎಂದು ಕೇಳಿದವರಿದ್ದಾರೆ. ಇದೆ, ಅದೂ ಒಂದು ಕಸದ ದಿಬ್ಬದಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳನ್ನು 1896-97ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಅಗೆಯತೊಡಗಿದರು. ಆರಂಭದಲ್ಲೇ ಸಿಕ್ಕ ಒಂದು ಹಾಳೆಯಲ್ಲಿ ಯೇಸುವಿನದೆನ್ನಲಾದ, ಆದರೆ ಬೈಬಲ್ಲಿನಲ್ಲಿಲ್ಲದ ಮಾತುಗಳಿದ್ದವು. ಅದು ಯಾವ ಪುಸ್ತಕದ ಹಾಳೆ ಎಂದು ಗೊತ್ತಾದದ್ದು 1945ರಲ್ಲಿ ನಾಗ್ ಹಮ್ಮಾದಿಯ ಬಳಿ ಕಾಪ್ಟಿಕ್ ಭಾಷೆಯ ಥಾಮಸನ ಸುವಾರ್ತೆ ಪೂರ್ತಿಯಾಗಿ ಸಿಕ್ಕಮೇಲೆ. ಅದೇ ತಿಪ್ಪೆಗಳ ಇನ್ನೊಂದು ತುಣುಕು 1903ರಲ್ಲಿ ಅಚ್ಚಾಯಿತು: ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿರುವ ಚಾರಿಷನ್ ಎಂಬ ಗ್ರೀಕ್ ಹೆಣ್ಣಿನ ಪ್ರಹಸನ. ಅದರಲ್ಲಿ ರಾಜನ ಕಡೆಯವರು ಆಡುವ ಗ್ರೀಕಲ್ಲದ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಷ್ ವಾದಿಸಿದರು, ಮೈಸೂರಿನ ಶಾಮಶಾಸ್ತ್ರಿಗಳು ಆ ಜಾಡಿನಲ್ಲಿ ಮುಂದುವರಿದರು, ಗೋವಿಂದ ಪೈಗಳೂ ಅದರಲ್ಲಿ ತಲೆಹಾಕಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ; ತುಳು ಎಂದವರೂ ಇದ್ದಾರೆ, ಅರ್ಥವಿಲ್ಲದ ಗಿಲಿಬಿಲಿ ಎಂದವರೂ ಇದ್ದಾರೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕೊಸ್ಮಾಸ್ ತನ್ನ ಗ್ರಂಥದಲ್ಲಿ ಕರಿಮೆಣಸಿನ ನಾಡಿನ ಕ್ರೈಸ್ತರನ್ನೂ ಕಲ್ಲಿಯಾನ ಎಂಬಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ಪನನ್ನೂ ಹೆಸರಿಸುತ್ತಾನೆ. ಅದು ಮುಂಬೈ ಬಳಿಯ ಕಲ್ಯಾಣ್ ಎನ್ನುವವರು ಹೆಚ್ಚು. ಉಡುಪಿ ಪಕ್ಕದ ನಮ್ಮ ಕಲ್ಯಾಣಪುರ ಎನ್ನುವವರೂ ಇದ್ದಾರೆ. ಊರಿನ ಅಭಿಮಾನ ನನ್ನನ್ನು ಎರಡನೆಯದರ ಕಡೆ ಎಳೆಯುತ್ತದೆ. ಆದರೆ ಅಭಿಮಾನ ಸಾಕ್ಷ್ಯವಲ್ಲವಲ್ಲ. ಕಲ್ಯಾಣ್ ಬಂದರಿನ ಹೆಸರು ಬೇರೆ ಹಳೆಯ ಗ್ರೀಕ್ ಬರಹದಲ್ಲೂ ಇದೆ.

ಸಂತ ಥಾಮಸ್ ಭಾರತಕ್ಕೆ ಬಂದದ್ದು ನಿಜವೇ ಎಂಬ ಪ್ರಶ್ನೆಯನ್ನು ಇದೇ ತಕ್ಕಡಿಯಲ್ಲಿಡಬೇಕು. ಮೂರನೆಯ ಶತಮಾನದ 'ಥಾಮಸನ ಕೃತ್ಯಗಳು' ಎಂಬ ಸಿರಿಯಾಕ್ ಕಥೆಯಲ್ಲಿ ಗುದ್ನಫರ್ ಎಂಬ ಭಾರತದ ರಾಜ ಬರುತ್ತಾನೆ. ಬಹುಕಾಲ ಅವನು ಕಟ್ಟುಕಥೆ ಎಂದೇ ಎಣಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಗಡಿಯಲ್ಲಿ ಗೊಂಡೊಫರೆಸ್ ರಾಜನ ನಾಣ್ಯಗಳು ಸಿಕ್ಕವು. ರಾಜ ನಿಜವೆಂದಾಯಿತು, ಅಷ್ಟೇ. ಕಥೆ ಪೂರ್ತಿ ನಿಜವಾಗಲಿಲ್ಲ. ಒಂದು ನಾಣ್ಯದಿಂದ ಎಷ್ಟು ಹೇಳಬಹುದೋ ಅಷ್ಟೇ ಹೇಳಿ ಬಾಯಿ ಮುಚ್ಚುವುದನ್ನು ಕಲಿಸಲಿಕ್ಕೇ ಈ ಓದಿನಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ.

ನಂಬಿಕೆಯ ಪ್ರಶ್ನೆಗೆ ಬರೋಣ. ಬ್ರಿಟನ್ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಪ್ರಾಚೀನ ಭಾಷೆ, ಧರ್ಮಾಧ್ಯಯನ ವಿಭಾಗಗಳಿಗೆ ಸೇರುವವರ ಧರ್ಮವನ್ನು ಯಾರೂ ವಿಚಾರಿಸುವುದಿಲ್ಲ. ಆಕ್ಸ್‌ಫರ್ಡಿನಲ್ಲಿ 1951ರಿಂದ ನಾಲ್ಕು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ನಡೆಯುತ್ತ ಬಂದಿರುವ ಸಭಾಪಿತೃಗಳ, ಅಂದರೆ ಆರಂಭಕಾಲದ ಕ್ರೈಸ್ತ ಲೇಖಕರ, ಅಧ್ಯಯನದ ಸಮ್ಮೇಳನದಲ್ಲಿ ಜೆಸ್ವಿಟರ ಪಕ್ಕ ನಾಸ್ತಿಕರು, ಆರ್ಥೊಡಾಕ್ಸ್ ಸನ್ಯಾಸಿಗಳ ಪಕ್ಕ ಯಹೂದಿ ವಿದ್ವಾಂಸರು ಕೂತಿರುತ್ತಾರೆ. ಜಗಳ ಬರುವುದು ಕ್ರಿಯಾಪದದ ಬಗ್ಗೆ. ಜರ್ಮನಿಯಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ದೇವಶಾಸ್ತ್ರ ವಿಭಾಗಗಳು ಕಥೋಲಿಕ, ಪ್ರೊಟೆಸ್ಟೆಂಟ್ ಎಂದು ಬೇರೆ ಬೇರೆ, ಪ್ರಾಧ್ಯಾಪಕ ಪೀಠಗಳು ಆಯಾ ಸಭೆಗೆ ಸೇರಿದವರಿಗೆ. ನಮ್ಮ ದೇಶದಲ್ಲೂ ಕಷ್ಟವಿರುವುದು ಇಲ್ಲೇ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ಇದೆ, ಧರ್ಮಾರಾಮ್ ಇದೆ, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ. ಭಾರತದ ಕ್ರೈಸ್ತ ಚರಿತ್ರೆಯ ಮೊದಲ ಸಂಪುಟವನ್ನು 1984ರಲ್ಲಿ ಹೊರತಂದ ಎ.ಎಂ. ಮುಂಡಾಡನ್ ಧರ್ಮಾರಾಮಿನವರೇ. ಆದರೆ ಇವೆಲ್ಲ ಮುಖ್ಯವಾಗಿ ಸಭೆಗಳಿಗೆ ಗುರುಗಳನ್ನು ತಯಾರು ಮಾಡುವ ಜಾಗಗಳು. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತ ಅಧ್ಯಯನಕ್ಕೆ ಜಾಗ ಕೊಟ್ಟಿದ್ದಾರೆ, ಸಂತೋಷ. ಗ್ರೀಕ್, ಲ್ಯಾಟಿನ್, ಸಿರಿಯಾಕ್ ಕಲಿಸುವ ಮೇಷ್ಟ್ರುಗಳನ್ನು ಕೊಡದೆ ಅದು ಮುಂದೆ ಹೋಗದು. ಬೌದ್ಧ ಪಾಲಿಯನ್ನೂ ಜೈನ ಪ್ರಾಕೃತವನ್ನೂ ಧರ್ಮ ಕೇಳದೆ ಕಲಿಸಿದ ನಾಡು ಇದು. ಇದೊಂದನ್ನು ಸೆಮಿನರಿಯವರ ಪಾಡಿಗೆ ಬಿಟ್ಟು ಕೂತದ್ದು ನಮ್ಮ ಇತಿಹಾಸ ವಿಭಾಗಗಳ ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಇನ್ನು ಕುಂದಾಪುರದವರ ಗಂಜಿ. ಸ್ವಾಮಿ, ಕೆಲಸ ಕಡಿಮೆ, ಕಾಯುವವರು ಹೆಚ್ಚು. ಎಂ.ಎ., ಭಾಷೆ, ಪಿಎಚ್.ಡಿ. ಎಲ್ಲ ಸೇರಿ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೂ ಎರಡು ಮೂರು ಊರುಗಳಲ್ಲಿ ವರ್ಷ ವರ್ಷದ ಗುತ್ತಿಗೆಯಲ್ಲಿ ದುಡಿದವರೇ ಹೆಚ್ಚು. ಭಾಷೆ ಮತ್ತು ಹಸ್ತಪ್ರತಿ ಗೊತ್ತಿದ್ದವರನ್ನು ಗ್ರಂಥಾಲಯಗಳೂ ಪ್ರಕಾಶನಗಳೂ ಕರೆಯುತ್ತವೆ ಎಂಬುದು ಸ್ವಲ್ಪ ಸಮಾಧಾನ. ನಿಮ್ಮ ಮಗಳಿಗೆ ನನ್ನ ಮಾತು ಇಷ್ಟು. ವಿದೇಶಕ್ಕೆ ಅರ್ಜಿ ಹಾಕುವ ಮೊದಲು ಒಂದು ವರ್ಷ ಮನೆಯಲ್ಲೇ ಕೂತು ಲ್ಯಾಟಿನ್ನಿನ ಅಥವಾ ಗ್ರೀಕಿನ ವ್ಯಾಕರಣ ಪುಸ್ತಕವೊಂದನ್ನು ಪೂರ್ತಿ ಮುಗಿಸಲಿ, ಸಂಸ್ಕೃತ ಗೊತ್ತಿದ್ದರೆ ವಿಭಕ್ತಿಗಳು ಕಾಡುವುದಿಲ್ಲ. ಬೇಸಿಗೆಯಲ್ಲಿ ಕೊಟ್ಟಾಯಂಗೆ ಹೋಗಿ ಸಿರಿಯಾಕ್ ರುಚಿ ನೋಡಲಿ. ಅಷ್ಟಾದ ಮೇಲೂ ಹಟ ಉಳಿದಿದ್ದರೆ ಕಳಿಸಿ, ಆದರೆ ಶಿಷ್ಯವೇತನ ಸಿಕ್ಕರೆ ಮಾತ್ರ. ಈ ಓದಿಗಾಗಿ ತೋಟ ಅಡವಿಟ್ಟು ಸಾಲ ಮಾಡಬೇಡಿ.